ಡಿಫ್ರಾಗ್ ಶುರುವೇ ಆಗುತ್ತಿಲ್ಲ, ಸಿ ಡ್ರೈವ್‌ನಲ್ಲಿ ಎರರ್ ಇದೆ ಅನ್ನುತ್ತಿದೆ

ಪ್ರಶ್ನೆ, ಕಲಬುರಗಿಯಿಂದ

ನಮಸ್ಕಾರ. ಮನೆಯ ಡೆಸ್ಕ್‌ಟಾಪ್, ವಿಂಡೋಸ್ 10, ಒಂದೇ ಒಂದು 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಇಲ್ಲ. ಈಚೆಗೆ ತುಂಬಾ ನಿಧಾನ ಆಗಿದೆ. ಡಿಫ್ರಾಗ್ (ಚೆದುರಿದ ಫೈಲ್ ತುಂಡುಗಳನ್ನು ಒಟ್ಟಿಗೆ ಜೋಡಿಸೋದು) ಮಾಡೋಣ ಅಂತ ಹೋದರೆ ಶುರುವೇ ಆಗುತ್ತಿಲ್ಲ. ಕಮಾಂಡ್ ಪ್ರಾಂಪ್ಟ್‌ನಿಂದ ಓಡಿಸಿದರೆ ಡರ್ಟಿ ಬಿಟ್ ಸೆಟ್ ಆಗಿದೆ ಅನ್ನುತ್ತದೆ. ರೀಸ್ಟಾರ್ಟ್ ಮಾಡಿದಾಗಲೆಲ್ಲ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಬರುತ್ತದೆ. ಅದು ತುಂಬಾ ಹೊತ್ತು ತಗೊಳ್ಳುತ್ತದೆ ಅಂತ ಮನೆಯಲ್ಲಿ ಯಾರಾದರೂ ಒಂದು ಕೀ ಒತ್ತಿ ಬಿಟ್ಟು ಮುಂದೆ ಹೋಗುತ್ತಾರೆ.

ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದೆ. ಅಂಗಡಿಯವರೊಬ್ಬರು ಫಾರ್ಮ್ಯಾಟ್ ಹೊಡೆದರೆ ಎಲ್ಲ ಸರಿ ಹೋಗುತ್ತದೆ ಅಂದರು. ಆದರೆ ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ವಚನಗಳ ಟಿಪ್ಪಣಿ, ತಂಗಿ ಮದುವೆ ಫೋಟೊ ಎಲ್ಲ ಅದರಲ್ಲೇ ಇವೆ. ಅವು ಡಿ ಡ್ರೈವ್‌ನಲ್ಲಿ ಇರೋದರಿಂದ ತೊಂದರೆ ಇಲ್ಲ ಅಲ್ವಾ? ಡಿಫ್ರಾಗ್‌ಗೆ ಬೇರೆ ಸಾಫ್ಟ್‌ವೇರ್ ಯಾವುದಾದರೂ ಹಾಕಲಾ?

ಉತ್ತರ, ಬೀದರ್‌ನಿಂದ

ಬೇರೆ ಸಾಫ್ಟ್‌ವೇರ್ ಹಾಕಬೇಡಿ. ಫಾರ್ಮ್ಯಾಟ್ ಕೂಡ ಈಗಲೇ ಬೇಡ. ಮೊದಲು ಒಂದು ಮಾತು: ಇರೋದು ಒಂದೇ ಡಿಸ್ಕ್ ಅಂದಮೇಲೆ ಸಿ, ಡಿ ಎರಡೂ ಅದೇ ಡಿಸ್ಕಿನ ಭಾಗಗಳು. ಡಿಸ್ಕ್ ಹೋದರೆ ಅಪ್ಪನ ಟಿಪ್ಪಣಿಯೂ ಹೋಗುತ್ತದೆ.

ಡರ್ಟಿ ಬಿಟ್ ಅಂದರೆ ವಿಂಡೋಸ್ ಡ್ರೈವ್ ಮೇಲೆ ಹಾಕಿಕೊಳ್ಳುವ ಒಂದು ಗುರುತು. ಫೈಲುಗಳ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಮೊದಲು ಪರೀಕ್ಷೆ ಮಾಡಿ ಅಂತ ಅದರ ಅರ್ಥ. ಡಿಫ್ರಾಗ್ ಫೈಲಿನ ತುಂಡುಗಳನ್ನು ಎತ್ತಿ ಬೇರೆ ಕಡೆ ಬರೆಯುತ್ತದೆ. ಲೆಕ್ಕವೇ ತಪ್ಪಿರುವಾಗ ಹಾಗೆ ಎತ್ತಿಡೋದು ಅಪಾಯ, ಅದಕ್ಕೇ ನಿರಾಕರಿಸುತ್ತದೆ. ಒಡೆದ ಪರ್ಸಿ ಕಲ್ಲಿನ ಮೇಲೆ ತೊಗರಿ ಚೀಲ ಜೋಡಿಸಿದರೆ ಏನಾಗುತ್ತದೆ ಅನ್ನೋದು ನಿಮ್ಮ ಊರಿನವರಿಗೆ ಹೇಳಬೇಕಾಗಿಲ್ಲ.

ಈ ಗುರುತು ಬೀಳೋಕೆ ಎರಡು ಕಾರಣ ಇರಬಹುದು. ಒಂದು, ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಲೆಕ್ಕ ಅರ್ಧಕ್ಕೆ ನಿಂತಿರೋದು. ಇದು ಸುಲಭ, ಚೆಕ್‌ಡಿಸ್ಕ್ ಸರಿ ಮಾಡುತ್ತದೆ. ಇನ್ನೊಂದು, ಡಿಸ್ಕಿನ ಮೇಲ್ಮೈಯೇ ಕೆಟ್ಟು ಕೆಲವು ಸೆಕ್ಟರ್ (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳು) ಓದಲು ಬರದೆ ಇರೋದು. ಎರಡನೆಯದಾದರೆ ಡಿಫ್ರಾಗ್ ಮರೆತುಬಿಡಿ, ಡೇಟಾ ಉಳಿಸಿಕೊಳ್ಳೋದು ನೋಡಿ.

ಯಾವುದು ಅಂತ ತಿಳಿಯೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ. ಉಚಿತ. ಅದು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ತೋರಿಸುತ್ತದೆ. ನಾಲ್ಕು ಸಾಲು ಸಾಕು. 05 ಅಂದರೆ ಕೆಟ್ಟು ಹೋಗಿ ಬದಲಿ ಜಾಗಕ್ಕೆ ಹಾಕಿದ ಸೆಕ್ಟರ್. ಸಿ5 ಅಂದರೆ ಓದಲು ಬರುತ್ತಿಲ್ಲ, ಇನ್ನೂ ತೀರ್ಮಾನ ಆಗಿಲ್ಲ. ಸಿ6 ಸರಿಪಡಿಸಲಾಗದ್ದು. ಸಿ7 ಅಂದರೆ ಡೇಟಾ ಸಾಗಿಸುವಾಗ ಆದ ತಪ್ಪು, ಅದು ಜಾಸ್ತಿ ಆಗುತ್ತಾ ಹೋದರೆ ಡಿಸ್ಕಿಗಿಂತ ಅದನ್ನು ಮದರ್ ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಮೇಲೆ ಅನುಮಾನ ಪಡಬೇಕು. ಕೇಬಲ್ ಬದಲಿಸಿದರೂ ಸಿ7ರ ಹಳೆ ಅಂಕಿ ಇಳಿಯುವುದಿಲ್ಲ. ಮುಂದೆ ಏರುತ್ತದಾ ಅಂತ ಮಾತ್ರ ನೋಡಿ.

ಅಂಕಿಗಳು ಅದರಲ್ಲಿ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರುತ್ತವೆ, ಗೊಂದಲ ಆಗಬಾರದು. ಫಂಕ್ಷನ್, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್ ಅಂತ ಹೋಗಿ 10 ಡೆಸಿಮಲ್ ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ನೋಡಿದೆ. ಹಳದಿ ಬಣ್ಣದಲ್ಲಿ ಕಾಷನ್ ಅಂತಿದೆ. 05 ಸೊನ್ನೆ, ಸಿ5ರಲ್ಲಿ 18 ಇತ್ತು, ನೀವು ಹೇಳಿದ ಹಾಗೆ ಡೆಸಿಮಲ್ಲಿಗೆ ಬದಲಿಸಿದ ಮೇಲೆ ಅದೇ ಅಂಕಿ 24 ಅಂತ ಕಾಣಿಸಿತು. ಸಿ7 ಸೊನ್ನೆ. ಟೆಂಪರೇಚರ್ 53. ಈಗ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಓಡಿಸಲಾ?

ಉತ್ತರ, ಬೀದರ್‌ನಿಂದ

ಇನ್ನೂ ಬೇಡ! ಇಲ್ಲೇ ಬಹಳ ಜನರ ಡೇಟಾ ಹೋಗೋದು. ಸ್ಲ್ಯಾಶ್ ಎಫ್ ಫೈಲುಗಳ ಲೆಕ್ಕ ಮಾತ್ರ ಸರಿ ಮಾಡುತ್ತದೆ. ಸ್ಲ್ಯಾಶ್ ಆರ್ ಅದರ ಜೊತೆಗೆ ಇಡೀ ಡ್ರೈವನ್ನು ಮೂಲೆಮೂಲೆ ಓದುತ್ತದೆ. 1 ಟಿಬಿಗೆ ಗಂಟೆಗಟ್ಟಲೆ ಬೇಕು, ಕೆಟ್ಟ ಜಾಗ ಸಿಕ್ಕಿದರೆ ಇನ್ನೂ ಜಾಸ್ತಿ. ಸಾಯುತ್ತಿರುವ ಡಿಸ್ಕನ್ನು ಅಷ್ಟು ದುಡಿಸಿದರೆ ಅದು ಪೂರ್ತಿ ಕೈಕೊಡಬಹುದು. ಇನ್ನೊಂದು ವಿಷಯ, ಚೆಕ್‌ಡಿಸ್ಕ್ ಕೆಲಸ ಫೈಲ್ ಸಿಸ್ಟಮ್ ಸರಿ ಮಾಡೋದು. ನಿಮ್ಮ ಫೋಟೊ ಉಳಿಸೋದು ಅದರ ಗುರಿ ಅಲ್ಲ. ತುಂಡಾದ ಫೈಲುಗಳನ್ನು ಫೌಂಡ್ 000 ಅನ್ನುವ ಫೋಲ್ಡರಿಗೆ ಹಾಕಿ ಮುಗಿಸುತ್ತದೆ.

ಮೊದಲು ಎಕ್ಸ್‌ಟರ್ನಲ್ ಡಿಸ್ಕ್ ಒಂದು ಹೊಂದಿಸಿ. ಟಿಪ್ಪಣಿ ಮೊದಲು, ಫೋಟೊ ಆಮೇಲೆ, ಸಿನಿಮಾ ಕೊನೆಗೆ. ಕಾಪಿಗೆ ವಿಂಡೋಸಿನಲ್ಲೇ ಇರುವ ರೋಬೊಕಾಪಿ ಕಮಾಂಡ್ ಒಳ್ಳೆಯದು, ಆದರೆ ಸ್ಲ್ಯಾಶ್ ಇ ಜೊತೆ ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ತಪ್ಪದೆ ಹಾಕಿ. ಇಲ್ಲಿ ಆರ್ ಅಂದರೆ ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು, ಡಬ್ಲ್ಯೂ ಅಂದರೆ ಎಷ್ಟು ಸೆಕೆಂಡ್ ಕಾಯಬೇಕು ಅಂತ. ಹಾಕದಿದ್ದರೆ ಓದಲು ಬರದ ಒಂದೊಂದು ಫೈಲಿಗೂ ಅದು 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನ ಮಾಡುತ್ತದೆ. ಅದರ ಮೂಲ ಸೆಟ್ಟಿಂಗೇ ಹಾಗಿದೆ. ಎರರ್ 23 (ಡಿಸ್ಕಿನಿಂದ ಸರಿಯಾಗಿ ಓದಲಾಗಲಿಲ್ಲ ಅಂತ) ಬಂದ ಫೈಲುಗಳ ಹೆಸರು ಬರೆದಿಟ್ಟುಕೊಳ್ಳಿ.

ನುಡಿಯ ಹಳೆ ಫೈಲಾದರೆ ಆ ಫಾಂಟುಗಳನ್ನೂ ಕಾಪಿ ಮಾಡಿ. ಯೂನಿಕೋಡ್‌ಗಿಂತ ಮುಂಚಿನವು ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜಲು. ಟಿಪ್ಪಣಿ ಹಾಳಾಗಿದೆ ಅಂತ ಅಪ್ಪ ಸುಮ್ನೆ ಗಾಬರಿ ಆಗುತ್ತಾರೆ.

ಉತ್ತರ, ಯಾದಗಿರಿಯಿಂದ

ಟೆಂಪರೇಚರ್ ಬಗ್ಗೆ ಒಂದು ಮಾತು. ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕಿಗೆ 60 ಡಿಗ್ರಿ ಮೇಲಿನ ಮಿತಿ. ನಮ್ಮ ಕಡೆ ಹೊರಗೇ 42 ದಾಟುವ ದಿನಗಳಲ್ಲಿ 53 ಅಂದರೆ ಮಿತಿಗೆ ಬಹಳ ಹತ್ತಿರ. ಕ್ಯಾಬಿನೆಟ್ ಬಾಗಿಲು ತೆಗೆದು, ಧೂಳು ಒರೆಸಿ, ಫ್ಯಾನ್ ಗಾಳಿ ಬೀಳುವ ಹಾಗೆ ಇಟ್ಟು ಕಾಪಿ ಮಾಡಿ. ಮಧ್ಯಾಹ್ನ ಬೇಡ, ಬೆಳಗಿನ ಜಾವ ಮಾಡಿ. ಯುಪಿಎಸ್ ಬ್ಯಾಟರಿ ಮೊದಲು ಬದಲಿಸಿ. ಕಾಪಿ ಮಧ್ಯೆ ಕರೆಂಟ್ ಹೋಗಬಾರದು.

ರೋಬೊಕಾಪಿಗೆ ಸಿಗದ ಫೈಲ್ ಇದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಪ್ರಯತ್ನಿಸಿ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿ, ಕೆಟ್ಟ ಜಾಗಕ್ಕೆ ಆಮೇಲೆ ಮರಳಿ ಬರುತ್ತದೆ. ಇಡೀ ಡಿಸ್ಕಿನ ಇಮೇಜ್ (ಯಥಾ ನಕಲು) ಬೇಕಾದರೆ ಅಷ್ಟೇ ದೊಡ್ಡ ಖಾಲಿ ಡಿಸ್ಕ್ ಬೇಕು.

ಪ್ರಶ್ನೆ ಕೇಳಿದವರು

ಅಪ್ಪನ ಟಿಪ್ಪಣಿ ಪೂರ್ತಿ ಬಂತು, ಫಾಂಟ್ ಸಮೇತ. ಅವರೇ ಕೂತು ಒಂದೊಂದು ಫೈಲ್ ತೆರೆದು ನೋಡಿದರು. ಮದುವೆಯ ಕೆಲವು ಫೋಟೊಗೆ ಎರರ್ 23 ಬಂದಿದೆ, ಅವು ತಂಗಿಯ ಹತ್ತಿರವೂ ಇವೆಯಂತೆ, ಕೇಳಿದ್ದೇನೆ. ಸಿ5 ಈಗ 32. ಹೊಸ ಎಸ್‌ಎಸ್‌ಡಿ ತಗೊಳ್ಳೋಣ ಅಂತ ಮನೆಯಲ್ಲಿ ಒಪ್ಪಿದ್ದಾರೆ. ಹಳೆ ಡಿಸ್ಕನ್ನು ಏನು ಮಾಡಲಿ? ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಕಾ?

ಉತ್ತರ, ಬೀದರ್‌ನಿಂದ

ಕಾಪಿ ಮಾಡುವಷ್ಟರಲ್ಲೇ 24 ಇದ್ದದ್ದು 32 ಆಗಿದೆ, ಆ ಡಿಸ್ಕಿನ ಮೇಲೆ ನಂಬಿಕೆ ಬೇಡ. ಹೊಸದಕ್ಕೆ ಕ್ಲೋನ್ (ಇಡೀ ಡಿಸ್ಕನ್ನು ಹಾಗೇ ನಕಲು) ಮಾಡಲು ಹೋಗಬೇಡಿ, ಕೆಟ್ಟ ಸೆಕ್ಟರ್ ಬಂದ ಕಡೆ ನಿಲ್ಲುತ್ತದೆ. ಹೊಸದಾಗಿ ವಿಂಡೋಸ್ ಹಾಕಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಯಂತ್ರ ಒಪ್ಪಿದರೆ 11ನ್ನೇ ಹಾಕಿ.

ಎಸ್‌ಎಸ್‌ಡಿಗೆ ಡಿಫ್ರಾಗ್ ಬೇಡ. ಅದೇ ಆಪ್ಟಿಮೈಸ್ ಬಟನ್ ಎಸ್‌ಎಸ್‌ಡಿ ಅಂತ ಗುರುತಿಸಿ ಟ್ರಿಮ್ (ಅಳಿಸಿದ ಫೈಲಿನ ಜಾಗ ಇನ್ನು ಬೇಡ ಅನ್ನುವ ಸೂಚನೆ) ಕಳಿಸುತ್ತದೆ, ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.

ಹಳೆಯದನ್ನು ಎಲ್ಲ ಕಾಪಿ ಆದಮೇಲೆ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಬರೆಯುವಾಗ ಡಿಸ್ಕ್ ಸಿ5ರ ಸೆಕ್ಟರ್‌ಗಳ ಬಗ್ಗೆ ತೀರ್ಮಾನ ಮಾಡುತ್ತದೆ: ಸರಿ ಇದ್ದರೆ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಬದಲಿ ಜಾಗ ಕೊಟ್ಟು 05ಕ್ಕೆ ಸೇರಿಸುತ್ತದೆ. ಅಂಗಡಿಯವರು ಹೇಳಿದ್ದು ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಕೆಟ್ಟ ಸೆಕ್ಟರ್ ಹಾಗೇ ಉಳಿಯುತ್ತಿತ್ತು, ಟಿಪ್ಪಣಿ ಮಾತ್ರ ಹೋಗುತ್ತಿತ್ತು. ಫಾರ್ಮ್ಯಾಟ್ ಆದಮೇಲೆ ಸ್ವಲ್ಪ ದಿನ ಬಿಟ್ಟು 05, ಸಿ5 ಮತ್ತೆ ನೋಡಿ. ಏರುತ್ತಿದ್ದರೆ ಇ-ತ್ಯಾಜ್ಯಕ್ಕೆ ಕೊಡಿ. ನಿಂತಿದ್ದರೆ ಸಿನಿಮಾ, ಹಾಡು ಇಡೋಕೆ ಬಳಸಿ. ಬೇರೆಲ್ಲೂ ಇಲ್ಲದ ಫೈಲ್ ಮಾತ್ರ ಅದರಲ್ಲಿ ಇಡಬೇಡಿ.