ಅಪ್‌ಡೇಟ್: ತಮ್ಮನ ಗಾಲ್ಫ್ ವರ್ಷ ಮುಗಿಯಿತು

ಕ್ಯಾಡಿಯಾಗಿ (ಆಟಗಾರರ ಗಾಲ್ಫ್ ಬ್ಯಾಗ್ ಹೊರುವವನಾಗಿ) ಇದ್ದುಕೊಂಡೇ ಆಟ ಕಲಿತ ತಮ್ಮನನ್ನು ಸಾಲ ಮಾಡಿಯಾದರೂ ಭಾರತದ ವೃತ್ತಿಪರ ಗಾಲ್ಫ್ ಟೂರ್ ಆದ ಪಿಜಿಟಿಐನ ನೆಕ್ಸ್‌ಜೆನ್ ಸರಣಿಗೆ ಕಳುಹಿಸಬಹುದೇ ಎಂದು ಕಳೆದ ವರ್ಷ ಕೇಳಿದ್ದೆ. ಬೇಡ ಎಂದವರೇ ಹೆಚ್ಚು. ಕಳುಹಿಸಿದೆವು.

ನೆಕ್ಸ್‌ಜೆನ್ 2024ರಲ್ಲಿ ಶುರುವಾದ ಕೆಳಹಂತದ ವೃತ್ತಿಪರ ಸರಣಿ. ಅಲ್ಲಿ ಮಿಂಚಿದರೆ ಮುಖ್ಯ ಟೂರ್‌ಗೆ ದಾರಿ. ಆದರೆ ಕಟ್, ಅಂದರೆ ಮೊದಲ ಸುತ್ತುಗಳ ನಂತರ ಟೂರ್ನಿಯಲ್ಲಿ ಉಳಿಯಲು ಬೇಕಾದ ಸ್ಕೋರಿನ ಮಿತಿ, ದಾಟದಿದ್ದರೆ ಬಹುಮಾನದ ಹಣವಿಲ್ಲ. ರೈಲು, ವಸತಿ, ಪ್ರವೇಶ ಶುಲ್ಕ ಎಲ್ಲವೂ ಕೈಯಿಂದಲೇ. ನಾವು ಕೋಲಾರದವರು, ಅಪ್ಪ ಪ್ರತಿ ಖರ್ಚನ್ನೂ ಹದಿನೈದು ಕಿಲೋ ಟೊಮೆಟೊ ಬಾಕ್ಸಿನ ಲೆಕ್ಕದಲ್ಲಿಯೇ ಅಳೆದರು. "ಈ ಸಲ ನಲವತ್ತು ಬಾಕ್ಸ್ ಹೋಯಿತು" ಎನ್ನುವರು. ರೇಟು ಬಿದ್ದ ವಾರ ಅದೇ ಖರ್ಚು ನೂರು ಬಾಕ್ಸ್!

ಮೂರು ಕಡೆ ಕಟ್ ದಾಟಿದ. ಒಂದು ಕಡೆ ಒಂದೇ ಹೊಡೆತದಿಂದ ತಪ್ಪಿತು: ಮೂರಡಿ ದೂರದಿಂದ ಕುಳಿಗೆ ಉರುಳಿಸುವ ಹೊಡೆತ (ಪಟ್), ಚೆಂಡು ಕುಳಿಯ ಅಂಚು ಸುತ್ತಿ ಹೊರಗೆ ನಿಂತಿತಂತೆ. ಆ ರಾತ್ರಿ ಮನೆಗೆ ಬಂದವನು ಊಟಕ್ಕೂ ಏಳದೆ, ಬೆವರಿಗೆ ಹಪ್ಪಳದಂತಾದ ಕೈಗವಸನ್ನು ಹಿಗ್ಗಿಸುತ್ತಾ ಜಗುಲಿಯಲ್ಲಿ ಕುಳಿತಿದ್ದ.

ಮುಖ್ಯ ಟೂರ್‌ನಲ್ಲಿ ಆಡುವ ಅರ್ಹತೆ, ಅಂದರೆ ಕಾರ್ಡ್, ಸಿಗಲಿಲ್ಲ. ಸಾಲ ಅರ್ಧ ತೀರಿದೆ. ಈಗ ವಾರಕ್ಕೆ ನಾಲ್ಕು ದಿನ ಮತ್ತೆ ಕ್ಯಾಡಿ ಕೆಲಸ, ಉಳಿದ ದಿನ ಅಭ್ಯಾಸ. ಇನ್ನೊಂದು ವರ್ಷ ಆಡಲಿ ಎಂದವರು, ನಂಬುತ್ತೀರೋ ಇಲ್ಲವೋ, ಅಪ್ಪನೇ.