ಹಸಿಶುಂಠಿ ಹಾಕಿದರೆ ಟೀಯ ಹಾಲು ಒಡೆಯುವುದು ಯಾಕೆ? ಹಸಿ, ಒಣ ಶುಂಠಿ ಎಷ್ಟು, ಹೇಗೆ ಬಳಸಬೇಕು?

ತುಮಕೂರು_ಅಡುಗೆ ಕೇಳಿದ್ದು:

ಶುಂಠಿ ಬಗ್ಗೆ ಚೆನ್ನಾಗಿ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ. ಹಸಿಶುಂಠಿ ತುರಿದು ಹಾಲಿಗೆ ಹಾಕಿ ಟೀಗೆ ಇಟ್ಟರೆ ಕೆಲವು ಸಲ ಹಾಲು ಒಡೆಯುತ್ತದೆ, ಕೆಲವು ಸಲ ಏನೂ ಆಗುವುದಿಲ್ಲ. ಹಾಲು ಅವತ್ತು ಬೆಳಿಗ್ಗೆ ತಂದದ್ದೇ. ಸಕ್ಕರೆ ಬದಲು ಬೆಲ್ಲ ಹಾಕಿದರಂತೂ ಒಡೆಯುವುದು ಹೆಚ್ಚು. ತಪ್ಪು ಶುಂಠಿಯದೋ, ಬೆಲ್ಲದ್ದೋ, ಹಾಲಿನದೋ?

ಇನ್ನೊಂದು, ಹಸಿಶುಂಠಿ ಹಾಕಬೇಕಾದ ಕಡೆ ಒಣಶುಂಠಿ ಪುಡಿ ಹಾಕಬಹುದಾ? ಹಾಕುವುದಾದರೆ ಅಳತೆ ಏನು? ಮನೆಯಲ್ಲಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದಾರೆ. ಅವರಿಗೆ ದಿನಾ ಶುಂಠಿ ಕಷಾಯ ಕೊಡಬಹುದಾ? ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳಲ್ಲಿ ಶುಂಠಿಗೆ ವಾಸಿಯಾಗದ ಕಾಯಿಲೆಯೇ ಇಲ್ಲ. ನಿಜಕ್ಕೂ ಯಾವುದಕ್ಕೆ ಉಪಯೋಗ, ಎಷ್ಟು ತಿನ್ನಬೇಕು ಅನ್ನುವುದು ಬೇಕು.

ಪಾಕಪ್ರಯೋಗ:

ಮುಖ್ಯ ಕಾರಣ ಶುಂಠಿಯೇ. ಆದರೆ ಅದನ್ನು ಹಾಕಿದ ಹೊತ್ತು ತಪ್ಪು.

ಹಸಿಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ, ಹೆಸರು ಜಿಂಜಿಬೈನ್. ಪಪಾಯಿ, ಅನಾನಸ್‌ನಲ್ಲಿ ಇರುವ ಜಾತಿಯದೇ. ಹಾಲಿನ ಕೇಸಿನ್ ಕಣಗಳು ಒಂದಕ್ಕೊಂದು ಅಂಟದಂತೆ ಕಾಪಾಡುವ ಹೊರಪದರವನ್ನು ಇದು ಕತ್ತರಿಸುತ್ತದೆ, ಕಣಗಳು ಗುಂಪುಗೂಡುತ್ತವೆ, ಹಾಲು ಒಡೆಯುತ್ತದೆ. ಚೀಸ್ ಮಾಡಲು ಹಾಕುವ ರೆನೆಟ್ ಮಾಡುವುದೂ ಇದೇ ಕೆಲಸ. ಹುಳಿಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿಯೇ ಎಷ್ಟು ತಾಜಾ ಹಾಲಾದರೂ ಒಡೆಯಬಹುದು.

ಈ ಕಿಣ್ವ ಬಹಳ ಚುರುಕಾಗಿರುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ. 70 ದಾಟಿದರೆ ಬೇಗ ಸಾಯುತ್ತದೆ. ಈಗ ನಿಮ್ಮ ಟೀ ನೋಡಿ. ತಣ್ಣನೆಯ ಹಾಲಿಗೆ ತುರಿದ ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಇಟ್ಟರೆ ಹಾಲು 50ರಿಂದ 70 ಡಿಗ್ರಿವರೆಗಿನ ದಾರಿಯನ್ನು ನಿಧಾನವಾಗಿ ದಾಟುತ್ತದೆ, ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಜೋರು ಉರಿಯಲ್ಲಿ ಬೇಗ ಉಕ್ಕು ಬಂದರೆ ಬಚಾವ್. ಕೆಲವು ಸಲ ಒಡೆದು ಕೆಲವು ಸಲ ಒಡೆಯದಿರುವುದಕ್ಕೆ ಇದೇ ಕಾರಣ. ಕಾದ ಹಾಲನ್ನು ಇಳಿಸಿ, ಸ್ವಲ್ಪ ಆರಿದ ಮೇಲೆ ಹಸಿಶುಂಠಿ ತುರಿದು ಹಾಕಿ ಮುಚ್ಚಿಟ್ಟರೂ ಒಡೆಯುತ್ತದೆ, ಯಾಕೆಂದರೆ ಹಾಲು ಆಗ ಸರಿಯಾಗಿ ಅದೇ ಬಿಸಿಯಲ್ಲಿರುತ್ತದೆ.

ಪರಿಹಾರ: ಶುಂಠಿಯನ್ನು ಮೊದಲು ನೀರಿನಲ್ಲಿ 4–5 ನಿಮಿಷ ಕುದಿಸಿ, ಆಮೇಲೆ ಟೀ ಪುಡಿ, ಕೊನೆಗೆ ಹಾಲು. ನೀರು ಕುದಿಯುತ್ತಿರುವಾಗಲೇ ಹಾಲು ಸುರಿಯಿರಿ. ನೀರು ಹಾಕದೆ ಬರೀ ಹಾಲಿನ ಟೀ ಬೇಕೆಂದರೆ ಹಾಲು ಭರ್ತಿ ಉಕ್ಕಿ ಬಂದ ಮೇಲೆ ಜಜ್ಜಿದ ಶುಂಠಿ ಹಾಕಿ, ಕುದಿ ನಿಲ್ಲಿಸಬೇಡಿ.

ಬೆಲ್ಲದ ವಿಷಯ ಬೇರೆ. ಬೆಲ್ಲದಲ್ಲಿ ಸ್ವಲ್ಪ ಆಮ್ಲ, ಖನಿಜ ಲವಣ ಇರುತ್ತವೆ, ಕುದಿಯುವ ಹಾಲಿಗೆ ಅವು ಆಗುವುದಿಲ್ಲ. ಉರಿ ಆರಿಸಿ, ಎರಡು ನಿಮಿಷ ಬಿಟ್ಟು ಬೆಲ್ಲದ ಪುಡಿ ಹಾಕಿ ಕಲಕಿ. ಅನುಮಾನ ಇದ್ದರೆ ಎರಡನ್ನೂ ಬೇರೆ ಮಾಡಿ ನೋಡಿ: ಒಂದು ಸಲ ಬೆಲ್ಲವಿಲ್ಲದೆ ಶುಂಠಿ, ಒಂದು ಸಲ ಶುಂಠಿಯಿಲ್ಲದೆ ಬೆಲ್ಲ.

ಇದೇ ಗುಣವನ್ನು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು ಸಿಹಿತಿಂಡಿಗೆ ಬಳಸಿಕೊಂಡಿದ್ದಾರೆ. ಬಟ್ಟಲಲ್ಲಿ ಆಗಷ್ಟೇ ಹಿಂಡಿದ ಬಲಿತ ಶುಂಠಿಯ ರಸ ಒಂದು ಟೇಬಲ್ ಚಮಚ. ಅದರ ಮೇಲೆ ಸಕ್ಕರೆ ಕರಗಿಸಿದ, ಸುಮಾರು 70 ಡಿಗ್ರಿಗೆ ಆರಿದ ಕೆನೆಹಾಲು 200 ಮಿಲೀ ಒಂದೇ ಸಲಕ್ಕೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಬಿಡುತ್ತಾರೆ. ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಹಾಲು ಅತಿ ಬಿಸಿ ಇದ್ದರೆ, ಅಥವಾ ರಸ ಹಿಂಡಿ ಹೊತ್ತಾಗಿದ್ದರೆ ಹೆಪ್ಪು ಕೂಡುವುದಿಲ್ಲ. ಮಾಡಿ ನೋಡುವಂಥದ್ದು.

ಹುಬ್ಬಳ್ಳಿ_ಧಾರವಾಡ:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ಇನ್ನೊಂದು ಮಾತು, ಚಹಾಕ್ಕ ಅಲ್ಲ (ಹಸಿಶುಂಠಿಗೆ ನಮ್ಮ ಕಡೆ ಹಂಗ ಅಂತಾರ) ತುರಿಯೋದು ಬ್ಯಾಡ, ಜಜ್ಜಿ ಹಾಕ್ರಿ. ತುರಿದ್ರ ನಾರು ಸಣ್ಣಾಗಿ ಚಹಾದಾಗ ಉಳಿತೈತಿ, ತಳದಾಗ ಗಸಿ ಕೂಡತೈತಿ, ಬಾಯಿಗೆ ಖಾರ ಹತ್ತತೈತಿ. ನಾಕು ಮಂದಿಗೆ ಎರಡು ಕಪ್ ನೀರು, ಎರಡು ಕಪ್ ಹಾಲು, ಒಂದು ಇಂಚು ಅಲ್ಲ ಸಾಕು. ಸಿಪ್ಪಿ ತಗಿಯೋದೂ ಬೇಕಾಗಿಲ್ಲ, ಮಣ್ಣು ಹೋಗೋಹಂಗ ತಿಕ್ಕಿ ತೊಳದ್ರ ಆತು. ಚಹಾಪುಡಿ ಹಾಕಿದ ಮ್ಯಾಲೆ ಭಾಳ ಹೊತ್ತು ಕುದಿಸಬ್ಯಾಡ್ರಿ, ಒಗರಾಗತೈತಿ. ಕುದಿಸೋದೆಲ್ಲಾ ಅಲ್ಲದ ನೀರಿನಾಗ ಮುಗಿಸಬೇಕು.

ಔಷಧಿ_ಕೌಂಟರ್:

ಅಳತೆ ಮತ್ತು ಆರೋಗ್ಯದ ಪ್ರಶ್ನೆಗೆ ಉತ್ತರಿಸುತ್ತೇನೆ.

ಹಸಿಶುಂಠಿಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಆದ್ದರಿಂದ ತೂಕದ ಲೆಕ್ಕದಲ್ಲಿ 1 ಗ್ರಾಂ ಒಣಶುಂಠಿ ಪುಡಿ ಅಂದರೆ ಹೆಚ್ಚುಕಡಿಮೆ 5 ಗ್ರಾಂ ಹಸಿಶುಂಠಿ. ಹೆಬ್ಬೆರಳು ದಪ್ಪದ ಒಂದು ಇಂಚಿನ ಚೂರು 8–10 ಗ್ರಾಂ ತೂಗುತ್ತದೆ. ತಲೆ ಸಮ ಮಾಡಿದ ಒಂದು ಟೀ ಚಮಚ ಪುಡಿ ಸುಮಾರು 2 ಗ್ರಾಂ. ಆದರೆ ಇವೆರಡೂ ಒಂದೇ ಪದಾರ್ಥದಂತೆ ಕೆಲಸ ಮಾಡುವುದಿಲ್ಲ. ಹಸಿಯದರ ಖಾರ ಜಿಂಜರಾಲ್‌ನಿಂದ. ಒಣಗುವಾಗ ಅದರ ಒಂದು ಭಾಗ ನೀರಿನಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ, ಅದು ಇನ್ನೂ ಖಾರ. ಒಣಶುಂಠಿ ಗಂಟಲಿಗೆ ಹತ್ತುವುದು ಅದಕ್ಕೇ. ಬೇಯಿಸಿದಾಗ ಸ್ವಲ್ಪ ಜಿಂಜರಾನ್ ಆಗುತ್ತದೆ, ಅದು ಮೃದು, ನಸು ಸಿಹಿ ವಾಸನೆಯದು. ಆಯುರ್ವೇದವೂ ಹಸಿಯದನ್ನು ಆರ್ದ್ರಕ, ಒಣಗಿದ್ದನ್ನು ಶುಂಠಿ ಎಂದು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಹಿಪ್ಪಲಿ, ಕಾಳುಮೆಣಸಿನ ಜೊತೆ ತ್ರಿಕಟುವಿಗೆ ಸೇರುವುದು ಒಣಗಿದ್ದು. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ಒಣಪುಡಿ ಹಾಕಿದರೆ ರುಚಿ ಕೆಡುತ್ತದೆ. ಪಾನಕ, ಕಷಾಯದ ಪುಡಿ, ಉಂಡೆಗಳಿಗೆ ಅದೇ ಸರಿ.

ಪುರಾವೆ ಗಟ್ಟಿಯಾಗಿರುವುದು ವಾಕರಿಕೆಗೆ, ಅದರಲ್ಲೂ ಬಸುರಿಯರ ಮೊದಲ ತಿಂಗಳುಗಳ ವಾಕರಿಕೆಗೆ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯೂ ಮಾತ್ರೆಯಿಲ್ಲದ ಉಪಾಯಗಳಲ್ಲಿ ಶುಂಠಿಯನ್ನು ಹೇಳುತ್ತದೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕೊಟ್ಟಿರುವುದು ದಿನಕ್ಕೆ 1 ಗ್ರಾಂ ಒಣಪುಡಿ, 250 ಮಿಲಿಗ್ರಾಂನಂತೆ ನಾಲ್ಕು ಸಲ. ಒಂದೇ ಸಲ ಅಷ್ಟನ್ನೂ ನುಂಗಿದರೆ ಎದೆ ಉರಿಯುತ್ತದೆ. ಇದು ವಾಕರಿಕೆಯನ್ನು ತಗ್ಗಿಸುತ್ತದೆ, ವಾಂತಿಯನ್ನು ನಿಲ್ಲಿಸುತ್ತದೆ ಎಂಬ ಭರವಸೆ ಬೇಡ. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ ಅಂದರೆ ಶುಂಠಿ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬಸುರಿಯರು ಶುರು ಮಾಡುವ ಮೊದಲು ನೋಡುತ್ತಿರುವ ವೈದ್ಯರನ್ನು ಒಂದು ಮಾತು ಕೇಳಲಿ.

ಮುಟ್ಟಿನ ನೋವಿಗೆ ಮೊದಲ ಮೂರು ದಿನ, ದಿನಕ್ಕೆ 750 ಮಿಲಿಗ್ರಾಂನಿಂದ 2 ಗ್ರಾಂವರೆಗೆ ಪುಡಿ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ನೋವು ತಗ್ಗಿದೆ. ಮಂಡಿ ಸವೆತದ ನೋವಿಗೆ ಸಿಗುವ ಲಾಭ ಅಲ್ಪ. ಬಸ್ ಪ್ರಯಾಣದ ವಾಕರಿಕೆಗೆ ಫಲಿತಾಂಶ ಒಂದೇ ಥರ ಇಲ್ಲ, ಕೆಲವರಿಗೆ ಒಗ್ಗುತ್ತದೆ. ನೆಗಡಿ, ಕೆಮ್ಮಿನಲ್ಲಿ ಬಿಸಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಕಾಯಿಲೆಯ ದಿನಗಳನ್ನು ಕಡಿಮೆ ಮಾಡುತ್ತದೆ ಎನ್ನಲಾಗದು. ಕ್ಯಾನ್ಸರ್ ಗುಣವಾಗುತ್ತದೆ, ರಕ್ತನಾಳದ ತಡೆ ಕರಗುತ್ತದೆ ಎಂಬ ಸಂದೇಶಗಳನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಮನೆಯ ಹಿರಿಯರ ವಿಷಯ: ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ಮಾತ್ರೆ ಇದ್ದರೆ ಅಡುಗೆಯಲ್ಲಿ, ಟೀಯಲ್ಲಿ ಬೀಳುವ ಶುಂಠಿಗೆ ಹೆದರಬೇಕಿಲ್ಲ. ದಿನಾ ಗ್ರಾಂಗಟ್ಟಲೆ ಪುಡಿ, ಕ್ಯಾಪ್ಸೂಲ್, ಗಟ್ಟಿ ಕಷಾಯ ಮಾತ್ರ ವೈದ್ಯರನ್ನು ಕೇಳದೆ ಬೇಡ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ವಾರ್ಫರಿನ್ ತೆಗೆದುಕೊಳ್ಳುವವರು ಹೊಸದಾಗಿ ಶುರು ಮಾಡಿದರೆ ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪರೀಕ್ಷೆ ಮಾಡಿಸುವಾಗ ಅದನ್ನು ಹೇಳಲೇಬೇಕು. ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದ್ದರೆ ಕೂಡ ಹಾಗೇ. ಆರೋಗ್ಯವಂತರಿಗೂ ಒಣಪುಡಿ ದಿನಕ್ಕೆ 4 ಗ್ರಾಂ ದಾಟದಿರಲಿ. ಹುಳಿತೇಗು, ಎದೆಯುರಿ ಇರುವವರು ಖಾಲಿ ಹೊಟ್ಟೆಯಲ್ಲಿ ಶುಂಠಿ ರಸ ಕುಡಿಯುವುದು ಬೇಡವೇ ಬೇಡ.

ವರ್ಷ ತುಂಬದ ಮಗುವಿಗೆ ಶುಂಠಿ ರಸದಲ್ಲಿ ಜೇನು ಬೆರೆಸಿ ನೆಕ್ಕಿಸುವ ರೂಢಿ ಹಲವು ಮನೆಗಳಲ್ಲಿದೆ. ಅದನ್ನು ಬಿಡಿ. ಜೇನಿನಲ್ಲಿ ಬೊಟುಲಿಸಂ (ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷದ ಕಾಯಿಲೆ) ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಆ ವಯಸ್ಸಿನ ಕರುಳು ಅದನ್ನು ತಡೆಯಲಾರದು.

ತುಮಕೂರು_ಅಡುಗೆ:

ಎಲ್ಲರಿಗೂ ಧನ್ಯವಾದ. ನೀರಿನಲ್ಲಿ ಮೊದಲು ಕುದಿಸುವ ಕ್ರಮ ಅರ್ಥವಾಯಿತು. ಇನ್ನು ಎರಡು ಅನುಮಾನ. ಶುಂಠಿ ರಸ ಹಿಂಡಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಅದು ವಿಷ, ಚೆಲ್ಲಬೇಕು ಅನ್ನುತ್ತಾರೆ. ನಿಜವಾ? ದರ ಇಳಿದಾಗ ಎರಡು ಕೆಜಿ ತಂದರೆ ಕೆಡದಂತೆ ಇಡುವುದು, ಮನೆಯಲ್ಲೇ ಒಣಶುಂಠಿ ಮಾಡುವುದು ಹೇಗೆ?

ಸಾಗರದ_ಕಡೆಯವರು:

ಗಸಿ ವಿಷವಲ್ಲ, ಪಿಷ್ಟ. ಆಲೂಗಡ್ಡೆ ತುರಿದು ಹಿಂಡಿದರೆ ಕೂರುವುದೂ ಇದೇ. ಕಷಾಯ ಗಂಜಿಯಂತೆ ಮಂದವಾಗಬಾರದು ಎಂದರೆ ರಸವನ್ನು ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಗಸಿ ಹೊಟ್ಟೆಗೆ ಹೋದರೂ ಏನೂ ಆಗುವುದಿಲ್ಲ. ಕತ್ತರಿಸಿದಾಗ ಒಳಗೆ ನೀಲಿ ಛಾಯೆಯ ಉಂಗುರ ಕಂಡರೆ ಅದೂ ಕೆಟ್ಟದ್ದಲ್ಲ, ಕೆಲವು ತಳಿಗಳ ಸ್ವಭಾವ. ಮೆತ್ತಗಾಗಿ, ನೀರು ಜಿನುಗಿ, ಕೊಳೆತ ವಾಸನೆ ಬಂದರೆ ಅಥವಾ ಬೂಸ್ಟು ಹಿಡಿದಿದ್ದರೆ ಪೂರ್ತಿ ಎಸೆಯಿರಿ. ಮೊಳಕೆ ಬಂದದ್ದನ್ನು ತಿನ್ನಬಹುದು.

ಇಡುವ ಕ್ರಮ: ತೊಳೆಯಬೇಡಿ, ಸಿಪ್ಪೆ ತೆಗೆಯಬೇಡಿ. ಮಣ್ಣು ಉದುರಿಸಿ, ಕಾಗದದಲ್ಲಿ ಸುತ್ತಿ, ಕವರಿನೊಳಗೆ ಹಾಕಿ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಇಟ್ಟರೆ ಮೂರು ವಾರ ಬರುತ್ತದೆ. ಬೂಸ್ಟು ಬರುವುದು ಸಿಪ್ಪೆಯ ಮೇಲಿನ ತೇವದಿಂದ, ಕಾಗದ ಅದನ್ನು ಹೀರುತ್ತದೆ. ಫ್ರಿಜ್ ಇಲ್ಲದಿದ್ದರೆ ಬಕೆಟ್‌ನಲ್ಲಿ ಒಣ ಮರಳು ಹಾಕಿ, ಗೆಡ್ಡೆ ಒಂದಕ್ಕೊಂದು ತಾಗದಂತೆ ಹೂತು ನೆರಳಲ್ಲಿಡಿ. ಫ್ರೀಜರ್‌ಗೆ ಹಾಕುವುದಾದರೆ ತುಂಡು ಮಾಡಿ ಹಾಕಿ, ಬೇಕಾದಾಗ ಕಲ್ಲಿನಂತಿರುವಾಗಲೇ ತುರಿಯಿರಿ. ಕರಗಲು ಬಿಟ್ಟರೆ ಸ್ಪಂಜಿನಂತಾಗಿ ತುರಿಯಲು ಬರುವುದಿಲ್ಲ.

ಒಣಶುಂಠಿ ಎಳೆಯ ಗೆಡ್ಡೆಯಿಂದ ಆಗುವುದಿಲ್ಲ, ಸುರುಟಿ ಕಡ್ಡಿಯಾಗುತ್ತದೆ. ನೆಟ್ಟು ಎಂಟು ತಿಂಗಳಾಗಿ, ಎಲೆ ಹಳದಿ ತಿರುಗಿ ಒಣಗಿದ ಮೇಲೆ ಕಿತ್ತ ಬಲಿತ ಶುಂಠಿ ಬೇಕು. ತಳಿಯೂ ಮುಖ್ಯ. ರಿಯೋ ಡಿ ಜನೈರೋ ತಳಿ ದಪ್ಪ, ನಾರು ಕಡಿಮೆ, ಹಸಿ ಅಡುಗೆಗೆ ಬಹಳ ಚೆನ್ನ. ಒಣಗಿಸಿದರೆ ತೂಕ ನಿಲ್ಲುವುದಿಲ್ಲ. ಮಾರನ್, ಹಿಮಾಚಲ ತಳಿಗಳು ಒಣಗಿಸಲು ವಾಸಿ. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಸೀಳಿದ ಬಿದಿರಿನ ಅಂಚಿನಿಂದ ಸಿಪ್ಪೆ ಹೆರೆಯಿರಿ. ಕಬ್ಬಿಣದ ಚಾಕು ತಾಗಿದರೆ ಕಪ್ಪು ಕಲೆ ಬರುತ್ತದೆ. ಆಳವಾಗಿ ಹೆರೆಯಬಾರದು, ಘಮದ ಎಣ್ಣೆಯಿರುವ ಕೋಶಗಳು ಸಿಪ್ಪೆಯ ಕೆಳಗೇ ಇವೆ. ತೊಳೆದು, ದಿನಾ ಮಗುಚುತ್ತಾ 7–10 ಬಿಸಿಲು ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಮುರಿದರೆ ಟಪ್ ಎಂದು ಮುರಿಯಬೇಕು, ಬಾಗಬಾರದು. ಎರಡು ಕೆಜಿಗೆ 400 ಗ್ರಾಂ ಸಿಕ್ಕರೆ ಒಳ್ಳೆಯ ಶುಂಠಿ ಎಂದು ಅರ್ಥ. ಬಿಸಿಲು ಕಡಿಮೆಯಿದ್ದರೆ ತೆಳ್ಳಗೆ ಹೆಚ್ಚಿ ಒಣಗಿಸಿ, ಬೇಗ ಆಗುತ್ತದೆ, ಘಮ ಸ್ವಲ್ಪ ಹೋಗುತ್ತದೆ. ಗೆಡ್ಡೆಯಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಟ್ಟು ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ಸಣ್ಣ ತೂತು, ಪುಡಿ ಉದುರುವುದು ಕಂಡರೆ ಹುಳ ಬಿದ್ದಿದೆ.

ಅಂಗಡಿಯಲ್ಲಿ ಕೊಳ್ಳುವಾಗ ಸುಣ್ಣ ಬಳಿದಂತೆ ಬೆಳ್ಳಗಿರುವುದನ್ನು ಬಿಡಿ. ಅದು ನಿಜವಾಗಿಯೂ ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಮಾಸಲು ಕಂದು ಬಣ್ಣದ್ದೇ ಒಳ್ಳೆಯದು.

ಕುಂದಾಪ್ರ_ಅಡುಗೆ:

ದಿನಬಳಕೆಗೆ ಎರಡು ಅಳತೆ ಕೊಡುತ್ತೇನೆ. ಶುಂಠಿ ತಂಬುಳಿಗೆ ಒಂದು ಇಂಚು ಹಸಿಶುಂಠಿ ಹೆಚ್ಚಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಮೂರು ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ ಉಪ್ಪು, ಸಾಸಿವೆ ಒಗ್ಗರಣೆ. ಶುಂಠಿಯನ್ನು ಹುರಿಯದೆ ಹಸಿಯಾಗಿ ರುಬ್ಬಿದರೆ ಕಿಣ್ವ ಉಳಿದು, ಹೊತ್ತು ಹೋದಂತೆ ಮಜ್ಜಿಗೆ ಕಹಿಯಾಗಬಹುದು. ಹುರಿಯುವ ಕ್ರಮಕ್ಕೆ ಇದೂ ಒಂದು ಕಾರಣ.

ಕಷಾಯ ಪುಡಿಗೆ ಕೊತ್ತಂಬರಿ ಬೀಜ ಅರ್ಧ ಕಪ್, ಜೀರಿಗೆ ಕಾಲು ಕಪ್, ಕಾಳುಮೆಣಸು ಒಂದು ಟೇಬಲ್ ಚಮಚ, ಮೆಂತೆ ಅರ್ಧ ಟೀ ಚಮಚ, ಇವನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಜಜ್ಜಿದ 10 ಗ್ರಾಂ ಒಣಶುಂಠಿಯನ್ನು ಹುರಿಯದೆ ಸೇರಿಸಿ ಪುಡಿ ಮಾಡಿ. ಲೋಟ ನೀರಿಗೆ ಒಂದು ಟೀ ಚಮಚ, ಐದು ನಿಮಿಷ ಕುದಿ, ಕೊನೆಗೆ ಹಾಲು, ಉರಿ ಆರಿಸಿದ ಮೇಲೆ ಬೆಲ್ಲ. ಒಂದು ಲೋಟದಲ್ಲಿ ಒಣಶುಂಠಿ ಇರುವುದು ಹೆಚ್ಚುಕಡಿಮೆ ಕಾಲು ಗ್ರಾಂ. ನಿಮ್ಮ ಹಿರಿಯರಿಗೆ ಈ ತೆಳು ಕಷಾಯದ ಲೆಕ್ಕವನ್ನೇ ವೈದ್ಯರಿಗೆ ತೋರಿಸಿ ಕೇಳಿ.

ಪಾಕಪ್ರಯೋಗ:

ಎರಡು ಕೆಜಿಯಲ್ಲಿ ಸ್ವಲ್ಪವನ್ನು ಶುಂಠಿ–ಬೆಳ್ಳುಳ್ಳಿ ಪೇಸ್ಟ್ ಮಾಡುವ ಯೋಚನೆ ಇದ್ದರೆ: ಸಮತೂಕ ತೆಗೆದುಕೊಂಡು ನೀರು ಹಾಕದೆ ಅರೆದು, ಉಪ್ಪು, ಸ್ವಲ್ಪ ಎಣ್ಣೆ ಬೆರೆಸಿ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ, ಉಳಿದದ್ದು ಐಸ್ ಟ್ರೇಯಲ್ಲಿ ಫ್ರೀಜರ್‌ಗೆ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಹೊರಗೆ ಇಡಬಾರದು, ಮೇಲೆ ಹೇಳಿದ ಬೊಟುಲಿಸಂ ಅಪಾಯ ಅಲ್ಲೂ ಇದೆ. ಪೇಸ್ಟ್ ಹಸಿರು ತಿರುಗಿದರೆ ಅದು ಬೆಳ್ಳುಳ್ಳಿಯ ಗುಣ, ತಿನ್ನಬಹುದು. ಮಟನ್‌ಗೆ ಹಸಿಶುಂಠಿ ಹಚ್ಚುವಾಗ ಎರಡು ಮೂರು ಗಂಟೆ ಸಾಕು. ಅದೇ ಕಿಣ್ವ ರಾತ್ರಿಯಿಡೀ ಕೆಲಸ ಮಾಡಿದರೆ ಮಾಂಸದ ಹೊರಭಾಗ ಮುದ್ದೆಯಾಗುತ್ತದೆ.