ಕೈ ತಡೆಯದ ಖರ್ಚು: ಮನೋವೈದ್ಯರಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಚಿಕ್ಕಮಗಳೂರಿನ ನಮ್ಮ ಮನೋವೈದ್ಯೆ ಮೇಡಂ ಎಂಟು ಗಂಟೆವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಹಾಸನದ ಬ್ಯಾಂಕ್ ನೌಕರ: ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡೇ ಏನಾದರೂ ಆರ್ಡರ್ ಮಾಡಿಬಿಡುತ್ತೇನೆ. ಪಾರ್ಸೆಲ್ ಬಂದಾಗ ಬಿಚ್ಚುವ ಮನಸ್ಸೂ ಇರುವುದಿಲ್ಲ. ಯಾಕೆ ಮೇಡಂ?

ಡಾಕ್ಟರ್: ಮೆದುಳಿಗೆ ಜಾಸ್ತಿ ಖುಷಿ ಕೊಡುವುದು ಕಾಯುವ ಹೊತ್ತು. ಡಬ್ಬ ಮನೆಗೆ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಫೋನಿನಲ್ಲಿ ಆಗುವುದೂ ಇಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಪಂದ್ಯದ ಟಿಕೆಟ್ ಹರಾಜಿಗಿಟ್ಟಿದ್ದರು. ಕಾರ್ಡಿನಲ್ಲಿ ಕೊಡುವವರು ನಗದಿನವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಕೂಗಿದರು. ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿ. ಬೇಕೆನಿಸಿದ್ದನ್ನು ಕಾರ್ಟ್‌ಗೆ ಹಾಕಿ, ಮಾರನೇ ದಿನ ಊಟ ಆದ ಮೇಲೆ ನೋಡಿ. ಚಾರ್ಜರ್ ಹಜಾರದಲ್ಲಿರಲಿ, ಮಂಚದ ಪಕ್ಕ ಬೇಡ.

ಕಡೂರಿನ ಟೀಚರ್: ನನಗೆ ಸೀರೆ ಆಫರ್ ಕಂಡರೆ ಹೀಗೇ ಆಗುತ್ತದೆ. ಏನು ಮಾಡಲಿ?

ಡಾಕ್ಟರ್: ಮೇಲಿನ ಉತ್ತರವೇ.

ಸಕಲೇಶಪುರದ ಬೆಳೆಗಾರ: ಕಾಫಿ ಮಾರಿದ ದುಡ್ಡು ಬಂದ ತಿಂಗಳು ಕೈ ನಿಲ್ಲಲ್ಲ. ಮಳೆಗಾಲಕ್ಕೆ ಸಾಲ.

ಡಾಕ್ಟರ್: ಒಟ್ಟಿಗೆ ಬಂದ ದುಡ್ಡನ್ನು ಮನಸ್ಸು ಬೇರೆ ಡಬ್ಬಿಯಲ್ಲಿಡುತ್ತದೆ, ಅದು ಹಬ್ಬದ ದುಡ್ಡು ಅನ್ನುವ ಹಾಗೆ. ಈ ಲೆಕ್ಕಾಚಾರದ ಬಗ್ಗೆ ಬರೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬಂದ ದಿನವೇ ಬೇರೆ ಖಾತೆಗೆ ಹಾಕಿ, ತಿಂಗಳಿಗಿಷ್ಟು ಅಂತ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ.

ಹಾಸನದ ಬ್ಯಾಂಕ್ ನೌಕರ: ಬೆಳೆಗಾರರಿಗೂ ಸಾಲವಾ? ಜೀಪು ನೋಡಿದರೆ ಹಾಗನ್ನಿಸಲ್ಲ.

ಸಕಲೇಶಪುರದ ಬೆಳೆಗಾರ: ಒಂದನೇ ತಾರೀಕು ಸಂಬಳ ಎಣಿಸುವವರಿಗೆ ಕಾಯಿಕೊರಕ ಹುಳುವಿನ ಕಷ್ಟ ಗೊತ್ತಾಗಲ್ಲ ಬಿಡಿ. ಆಳು ಸಿಗಲ್ಲ, ಮಳೆ ಹೇಳಿ ಬರಲ್ಲ.

ಅಡ್ಮಿನ್: ಇಬ್ಬರೂ ಸಾಕು.

ಮೂಡಿಗೆರೆಯ ಮಗಳು: ಮೇಡಂ, ಅಪ್ಪನಿಗೆ 66. ಜನ್ಮದಲ್ಲಿ ಸುಮ್ನೆ ಒಂದು ರೂಪಾಯಿ ಖರ್ಚು ಮಾಡಿದವರಲ್ಲ. ದೀಪಾವಳಿ ಆದ ಮೇಲೆ ಮೂರು ಹುಲ್ಲು ಕತ್ತರಿಸುವ ಮೆಷಿನ್ ತಂದಿದ್ದಾರೆ. ಒಂದನ್ನೂ ಬಳಸಿಲ್ಲ. ಕೇಳಿದರೆ ಸಿಟ್ಟು. ಕೈ ನಡುಕಕ್ಕೆ ಮಾತ್ರೆ ತಗೋತಾರೆ, ಅಷ್ಟೇ.

ಡಾಕ್ಟರ್: "ಅಷ್ಟೇ" ಅಲ್ಲ. ಯಾವ ಮಾತ್ರೆ? ಡೋಸ್ ಯಾವಾಗ ಜಾಸ್ತಿ ಮಾಡಿದರು? ನಡುಕ ಪಾರ್ಕಿನ್ಸನ್ಸ್ ಕಾಯಿಲೆಯದ್ದಾಗಿದ್ದು, ಸ್ಟ್ರಿಪ್ ಮೇಲೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಅಂತ ಇದ್ದರೆ ನನಗೆ ಮೊದಲ ಅನುಮಾನ ಮಾತ್ರೆಯ ಮೇಲೆಯೇ. ಕೈಕಾಲಿನ ಚಲನೆಗೂ ಆಸೆಗೂ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ಮೆದುಳಿನಲ್ಲಿ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ನಡುಕಕ್ಕೆ ಒಳ್ಳೆಯದು. ಆದರೆ ಕೆಲವರಿಗೆ "ಬೇಕು" ಅನ್ನುವುದೇ ಹಿಡಿತ ತಪ್ಪುತ್ತದೆ. 2010ರಲ್ಲಿ ಪ್ರಕಟವಾದ 3,090 ರೋಗಿಗಳ ಅಧ್ಯಯನದಲ್ಲಿ, ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 17 ಮಂದಿಗೆ ಖರೀದಿ, ಜೂಜು, ತಿನ್ನುವ ಚಟ, ಕಾಮದ ಅತಿಯಾಸೆ, ಇವುಗಳಲ್ಲಿ ಒಂದಾದರೂ ಇತ್ತು. ಅವರು ತಾವಾಗಿ ಹೇಳುವುದಿಲ್ಲ. ಇಸ್ಪೀಟು, ಲಾಟರಿ, ಮೊಬೈಲ್ ಆಟ ಏನಾದರೂ ಇದೆಯಾ ಅಂತ ಮೆಲ್ಲಗೆ ವಿಚಾರಿಸಿ. ನಿದ್ದೆ ಕಡಿಮೆಯಾಗಿ ಮಾತು ಜಾಸ್ತಿಯಾಗಿದ್ದರೆ ಅದನ್ನೂ ಹೇಳಿ, ಆಗ ಬೇರೆ ದಾರಿ ಹಿಡಿದು ನೋಡಬೇಕಾಗುತ್ತದೆ. ಅಪ್ಪ ಕೆಟ್ಟುಹೋದರು ಅಂತ ಬೈಯಬೇಡಿ. ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ, ತಟ್ಟನೆ ನಿಲ್ಲಿಸಿದರೆ ಅಪಾಯ. ಬರೆದುಕೊಟ್ಟ ನರರೋಗ ವೈದ್ಯರಿಗೆ ನಾಳೆಯೇ ಫೋನ್ ಮಾಡಿ.

ಅರಸೀಕೆರೆಯ ಸದಸ್ಯ: ಇಂಗ್ಲಿಷ್ ಮಾತ್ರೆ ಬಿಡಿಸಿ. ನಸುಗುನ್ನಿ ಬೀಜದ ಪುಡಿ ಹಾಲಿಗೆ ಹಾಕಿ ಕೊಡಿ. 21 ದಿನದಲ್ಲಿ ನಡುಕ ಮಾಯ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ನಸುಗುನ್ನಿ ಬೀಜದಲ್ಲಿರುವುದು ಲೆವೊಡೋಪ. ಪಾರ್ಕಿನ್ಸನ್ಸ್‌ಗೆ ನಾವು ಅಳತೆ ಮಾಡಿ ಕೊಡುವ ಔಷಧಿಯೇ ಅದು. ಚಮಚದಲ್ಲಿ ಎಷ್ಟಿದೆ ಅಂತ ನೀವು ತೂಗಿದ್ದೀರಾ? ಹತ್ತು ಜನಕ್ಕೆ ಕಳಿಸಿದ್ದರೆ ಆ ಹತ್ತೂ ಜನಕ್ಕೆ "ತಗೋಬೇಡಿ" ಅಂತ ಕಳಿಸಿ.

ಅರಸೀಕೆರೆಯ ಸದಸ್ಯ: ನಮ್ಮಜ್ಜಿ ಕಾಲದ ಔಷಧಿ ನಿಮಗೆ ತಮಾಷೆ.

ಬೇಲೂರಿನ ಹುಡುಗ: ಅಣ್ಣ, ನಿಮ್ಮಜ್ಜಿ ವಾಟ್ಸಾಪ್‌ನಲ್ಲಿದ್ರಾ?

ಅಡ್ಮಿನ್: ಅಜ್ಜಿ ವಿಷಯ ಬೇಡ!

ತರೀಕೆರೆಯಿಂದ: ಸೇಲ್ ಬಂದರೆ ತಡೆಯೋಕಾಗಲ್ಲ ಮೇಡಂ.

ಡಾಕ್ಟರ್: ಮೂರನೇ ಸಲ. ಮೇಲೆ ಓದಿ.

ಅರಕಲಗೂಡಿನಿಂದ: ಮಗನಿಗೆ ತಿಂಗಳಿಗೆ ಎಷ್ಟು ಪಾಕೆಟ್ ಮನಿ ಕೊಡಬೇಕು ಮೇಡಂ?

ಮೂಡಿಗೆರೆಯ ಮಗಳು: ಪ್ರಾಮಿಪೆಕ್ಸೋಲ್ ಅಂತಲೇ ಇದೆ. ಡೋಸ್ ಹೆಚ್ಚಿಸಿದ್ದು ದಸರಾ ಹೊತ್ತಿಗೆ. ನಾಳೆ ಬೆಳಿಗ್ಗೆ ಹಳೇ ಜೀಪ್ ನೋಡೋಕೆ ಹೊರಟಿದ್ದಾರೆ. ಚೆಕ್ ಬುಕ್ ಆಗಲೇ ಜೇಬಲ್ಲಿದೆ.

ಡಾಕ್ಟರ್: ಅಡ್ಡ ನಿಲ್ಲಬೇಡಿ, ಜೊತೆಗೆ ಹೋಗಿ. "ಅಮ್ಮನೂ ಒಂದ್ಸಲ ನೋಡಲಿ, ಆಮೇಲೆ ಅಡ್ವಾನ್ಸ್ ಕೊಡೋಣ" ಅನ್ನಿ. ದಾರಿಯಲ್ಲೇ ನರರೋಗ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ನನಗೆ ಮಾಡಿ, ನಂಬರ್ ಬೇರೆಯಾಗಿ ಕಳಿಸಿದ್ದೇನೆ.

ಅರಕಲಗೂಡಿನಿಂದ: ಮೇಡಂ, ನನ್ನ ಪ್ರಶ್ನೆ?